ಹಾಡು ಊರೂರು ಸುತ್ತಿತು, ಹೆಸರು ಹಿಂದೆ ಉಳಿಯಿತು: ಪಾದ್ರಿ ಟಿಂಡ್ಲಿಯ ಕಥೆ

ಇವತ್ತಿನ ಎಪಿಸೋಡ್ ಶುರು ಮಾಡೋಕೆ ಮುಂಚೆ ಒಂದು ತಪ್ಪೊಪ್ಪಿಗೆ ಇದೆ.

ಕೆಲವು ವಾರಗಳ ಹಿಂದೆ ಶಾಲೆಯ ಹಾಡುಗಳ ಬಗ್ಗೆ ಒಂದು ಎಪಿಸೋಡ್ ಮಾಡಿದ್ದೆ. ಆಗಸ್ಟ್ 15ರ ಬೆಳಗ್ಗೆ, ಜಿಟಿಜಿಟಿ ಮಳೆಯಲ್ಲಿ, ಇಸ್ತ್ರಿ ಮಾಡಿದ ಬಿಳಿ ಶರ್ಟು ಒದ್ದೆಯಾಗ್ತಾ ಇದ್ದರೂ ಸಾಲಾಗಿ ನಿಂತು ‘ಹಮ್ ಹೋಂಗೇ ಕಾಮ್ಯಾಬ್’ ಹಾಡುತ್ತಿದ್ದ ಕಥೆ. ನಮ್ಮ ಕ್ಲಾಸಿನಲ್ಲಿ ಅರ್ಧ ಜನಕ್ಕೆ ಹಿಂದಿ ಬರ್ತಿರಲಿಲ್ಲ, ಆದರೂ ಆ ಹಾಡು ಮಾತ್ರ ಎಲ್ಲರಿಗೂ ಬಾಯಿಪಾಠ. ಅದನ್ನು ಹಿಂದಿಗೆ ತಂದವರು ಕವಿ ಗಿರಿಜಾ ಕುಮಾರ್ ಮಾಥುರ್ ಅಂತ ಹೇಳಿದ್ದೆ. ಅದು ಸರಿ. ಮೂಲ ಹಾಡು ‘ವಿ ಶಲ್ ಓವರ್‌ಕಮ್’, ಅದನ್ನು ಬರೆದವರು ಅಮೆರಿಕದ ಗಾಯಕ ಪೀಟ್ ಸೀಗರ್ ಅಂತಲೂ ಹೇಳಿದ್ದೆ. ಅದು ತಪ್ಪು.

ಹುಬ್ಬಳ್ಳಿಯಿಂದ ಒಬ್ಬ ಕೇಳುಗರು ಮೆಸೇಜ್ ಮಾಡಿದ್ದರು. ಅವರು ಚರ್ಚಿನಲ್ಲಿ ಹಾಡುವವರು. ‘ಅಣ್ಣಾ, ಎಪಿಸೋಡ್ ಚಲೋ ಇತ್ತು. ಆದ್ರ ಚಾರ್ಲ್ಸ್ ಟಿಂಡ್ಲಿ ಅವರ ಹೆಸರು ಯಾಕ ಬರಲಿಲ್ಲ?’ ಅಂತ. ಇಷ್ಟೇ.

ನಿಜ ಹೇಳ್ತೀನಿ, ನಾನು ಆ ಹೆಸರೇ ಕೇಳಿರಲಿಲ್ಲ. ರಾತ್ರಿ ಕೂತು ಹುಡುಕಿದೆ. ಎಷ್ಟೋ ಕಡೆ ‘ಆ ಹಾಡನ್ನು ಬರೆದದ್ದು ಟಿಂಡ್ಲಿ’ ಅಂತಲೇ ಇತ್ತು. ಸರಿ, ಒಂದು ಸಾಲಿನ ತಿದ್ದುಪಡಿ ಹಾಕಿ ಮುಗಿಸೋಣ ಅಂದುಕೊಂಡೆ. ಇನ್ನೂ ಸ್ವಲ್ಪ ಓದಿದಾಗ ಗೊತ್ತಾಯ್ತು, ಆ ತಿದ್ದುಪಡಿಯೂ ತಪ್ಪಾಗ್ತಿತ್ತು. ಅದಕ್ಕೇ ಈ ಎಪಿಸೋಡ್. ಇವತ್ತು ಟಿಂಡ್ಲಿ ಅವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸೋಣ. ಅವರದಲ್ಲದ್ದನ್ನು ಅವರ ಲೆಕ್ಕಕ್ಕೆ ಬರೆಯೋದು ಬೇಡ.

ಕಸ ಗುಡಿಸಿದ ಚರ್ಚಿಗೇ ಪಾದ್ರಿ

ಚಾರ್ಲ್ಸ್ ಆಲ್ಬರ್ಟ್ ಟಿಂಡ್ಲಿ ಹುಟ್ಟಿದ್ದು 1851ರಲ್ಲಿ, ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬರ್ಲಿನ್ ಎಂಬ ಸಣ್ಣ ಊರಿನಲ್ಲಿ. ಅಲ್ಲಿ ಗುಲಾಮಗಿರಿ ಇನ್ನೂ ಕಾನೂನುಬದ್ಧವಾಗಿದ್ದ ಕಾಲ. ತಂದೆ ಗುಲಾಮ, ತಾಯಿ ಹೆಸ್ಟರ್ ಸ್ವತಂತ್ರ ಮಹಿಳೆ. ಮಗುವಿಗೆ ತಾಯಿಯ ಸ್ಥಾನಮಾನವೇ ಬರಬೇಕು ಅಂತ ಆಗಿನ ಕಾನೂನು. ಹಾಗಾಗಿ ಚಾರ್ಲ್ಸ್ ಕಾಗದದ ಮೇಲೆ ಸ್ವತಂತ್ರ. ಕಾಗದದ ಮೇಲೆ ಮಾತ್ರ. ತಾಯಿ ಬೇಗ ತೀರಿಕೊಂಡರು. ಬಡತನ ಎಷ್ಟಿತ್ತು ಅಂದರೆ, ತಂದೆ ಮಗನನ್ನು ಬೇರೆಯವರ ಹೊಲಮನೆಗಳಲ್ಲಿ ಕೂಲಿಗೆ ಬಿಟ್ಟರು. ಆ ಮನೆಗಳಲ್ಲಿ ಗುಲಾಮರ ಮಕ್ಕಳ ಜೊತೆ ಅವರಂತೆಯೇ ದುಡಿತ.

ಶಾಲೆಗೆ ಹೋಗುವ ಮಾತೇ ಇಲ್ಲ. ಅಕ್ಷರ ಕಲಿತದ್ದು ಹೇಗೆ ಅಂತ ಟಿಂಡ್ಲಿ ಅವರೇ ಮುಂದೆ ಬರೆದುಕೊಂಡಿದ್ದಾರೆ. ದಾರಿಯಲ್ಲಿ ಬಿದ್ದ ಹಳೇ ಪತ್ರಿಕೆಯ ಚೂರುಗಳನ್ನು ಆರಿಸಿ ಅಂಗಿಯೊಳಗೆ ಬಚ್ಚಿಟ್ಟುಕೊಳ್ಳುತ್ತಿದ್ದರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಪೈನ್ ಮರದ ತುಂಡು ಹಚ್ಚಿ, ಅದರ ಬೆಳಕಿನಲ್ಲಿ ಒಂದೊಂದೇ ಅಕ್ಷರ ಗುರುತಿಸುತ್ತಿದ್ದರು. ಓದಲು ಬರೆಯಲು ಬರುವ ಹೊತ್ತಿಗೆ ಸುಮಾರು 17 ವರ್ಷ.

ಆಮೇಲೆ ಹೆಂಡತಿ ಡೇಸಿ ಜೊತೆ ಫಿಲಡೆಲ್ಫಿಯಾ ನಗರ. ಹಗಲು ಕಟ್ಟಡದ ಕೆಲಸ, ಇಟ್ಟಿಗೆ ಗಾರೆ ಹೊರೋದು. ಬೇನ್‌ಬ್ರಿಡ್ಜ್ ಬೀದಿಯಲ್ಲಿದ್ದ ಒಂದು ಮೆಥಡಿಸ್ಟ್ ಚರ್ಚಿನಲ್ಲಿ ಕಸ ಗುಡಿಸಿ, ಒಲೆ ಹಚ್ಚಿ, ಬಾಗಿಲು ಹಾಕುವ ಕೆಲಸ. ಇದರ ಮಧ್ಯೆ ಓದು. ಗ್ರೀಕ್ ಭಾಷೆಯನ್ನು ಅಂಚೆ ಮೂಲಕ ಕಲಿತರು. ಹೀಬ್ರೂ ಭಾಷೆಯನ್ನು ಅದೇ ಊರಿನ ಒಂದು ಯಹೂದಿ ಪ್ರಾರ್ಥನಾ ಮಂದಿರದ ಸಹಾಯದಿಂದ ಕಲಿತರು. ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಆದರೂ ಪಾದ್ರಿಗಳಿಗೆ ಇಡುವ ಪರೀಕ್ಷೆ ಪಾಸು ಮಾಡಿ 1885ರಲ್ಲಿ ಮೆಥಡಿಸ್ಟ್ ಪಾದ್ರಿಯಾದರು.

ಮುಂದಿನ 17 ವರ್ಷ ನ್ಯೂಜೆರ್ಸಿ, ಡೆಲವೇರ್, ಮೇರಿಲ್ಯಾಂಡ್ ಅಂತ ಊರೂರು ವರ್ಗಾವಣೆ. 1902ರಲ್ಲಿ ಅವರನ್ನು ಕಳಿಸಿದ್ದು ಎಲ್ಲಿಗೆ ಗೊತ್ತಾ? ಅದೇ ಬೇನ್‌ಬ್ರಿಡ್ಜ್ ಬೀದಿಯ ಚರ್ಚಿಗೆ. ಕಸಬರಿಗೆ ಹಿಡಿದು ಕೆಲಸ ಮಾಡಿದ ಜಾಗಕ್ಕೇ ಮುಖ್ಯ ಪಾದ್ರಿಯಾಗಿ ಬಂದರು.

ಸಿನಿಮಾ ಆಗಿದ್ದರೆ ಇಲ್ಲಿಗೆ ಇಂಟರ್ವಲ್. ಆದರೆ ನಮಗೆ ಬೇಕಾದ ಭಾಗ ಈಗ ಶುರು.

ಭಾಷಣ ಮುಗಿದ ಮೇಲೆ ಹಾಡು

ಅದು ದಕ್ಷಿಣದ ರಾಜ್ಯಗಳಿಂದ ಕಪ್ಪು ಜನ ಗುಂಪುಗುಂಪಾಗಿ ಉತ್ತರದ ನಗರಗಳಿಗೆ ಗುಳೆ ಬರುತ್ತಿದ್ದ ಕಾಲ. ಹೊಲ ಬಿಟ್ಟು ಬಂದವರಿಗೆ ನಗರದಲ್ಲಿ ಬಾಡಿಗೆ ಮನೆ ಸಿಗೋದು ಕಷ್ಟ, ಕೆಲಸ ಸಿಕ್ಕರೂ ಎಲ್ಲರಿಗಿಂತ ಕಡಿಮೆ ಕೂಲಿ. ಟಿಂಡ್ಲಿ ಅವರ ಚರ್ಚು ಇಂಥವರಿಗೆ ಊಟ ಹಾಕಿತು, ಬಟ್ಟೆ ಕೊಟ್ಟಿತು. ದುಡಿದದ್ದರಲ್ಲಿ ಉಳಿಸಿ, ಸ್ವಂತ ಮನೆ ಮಾಡಿಕೊಳ್ಳಿ ಅಂತ ಪಾದ್ರಿ ಬೆನ್ನು ಹತ್ತುತ್ತಿದ್ದರು. ಸಣ್ಣ ಸಭೆ ಸಾವಿರಾರು ಜನರಾಯಿತು. 1906ರಲ್ಲಿ ಬ್ರಾಡ್ ಸ್ಟ್ರೀಟ್‌ನ ದೊಡ್ಡ ಕಟ್ಟಡಕ್ಕೆ ಹೋದರು. ಅದೂ ಸಾಲದೆ 1924ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಕೂರುವ ಹೊಸ ಚರ್ಚು ಎದ್ದು ನಿಂತಿತು. ಜನ ಅದಕ್ಕೆ ಪಾದ್ರಿಯ ಹೆಸರೇ ಇಟ್ಟರು, ಟಿಂಡ್ಲಿ ಟೆಂಪಲ್.

ಈ ಜನಕ್ಕಾಗಿಯೇ ಟಿಂಡ್ಲಿ ಹಾಡು ಬರೆದರು. ಮೊದಲ ಕೆಲವು ಹಾಡುಗಳು 1901ರಲ್ಲಿ ಅಚ್ಚಾದವು. 1905ರಲ್ಲಿ ‘ಸ್ಟ್ಯಾಂಡ್ ಬೈ ಮಿ’ ಸೇರಿದಂತೆ ಇನ್ನಷ್ಟು. 1916ರಲ್ಲಿ ‘ನ್ಯೂ ಸಾಂಗ್ಸ್ ಆಫ್ ಪ್ಯಾರಡೈಸ್’ ಎಂಬ ಸಂಕಲನ. ಗುಲಾಮಗಿರಿಯ ಕಾಲದ ಭಕ್ತಿಗೀತೆಗಳನ್ನು ಯಾರು ಕಟ್ಟಿದರು ಅಂತ ಹೇಳೋದು ಕಷ್ಟ, ಅವು ಬಾಯಿಂದ ಬಾಯಿಗೆ ಬಂದವು. ಟಿಂಡ್ಲಿ ಹಾಡುಗಳು ಹಾಗಲ್ಲ. ಒಬ್ಬ ಮನುಷ್ಯ ಕೂತು ಬರೆದು, ಅಚ್ಚು ಹಾಕಿಸಿ, ಹಕ್ಕು ದಾಖಲಿಸಿದ ಹಾಡುಗಳು. ಮುಂದೆ ‘ಗಾಸ್ಪೆಲ್’ ಅಂತ ಹೆಸರಾದ ಕಪ್ಪು ಜನರ ಸಂಗೀತಕ್ಕೆ ಹಾಕಿದ ಮೊದಲ ಕಲ್ಲುಗಳಲ್ಲಿ ಇವೂ ಇವೆ. ಆ ಸಂಗೀತದ ಪಿತಾಮಹ ಅಂತ ಕರೆಸಿಕೊಂಡ ಥಾಮಸ್ ಡಾರ್ಸಿ, ತಮಗಿಂತ ಮುಂಚೆ ದಾರಿ ಮಾಡಿದವರು ಟಿಂಡ್ಲಿ ಅಂತ ಒಪ್ಪಿಕೊಂಡಿದ್ದರು.

ಹಾಡುಗಳಲ್ಲಿ ಏನಿರುತ್ತಿತ್ತು? ಸ್ವರ್ಗ ಇತ್ತು, ದೇವರು ಇದ್ದ. ಜೊತೆಗೆ ಖಾಲಿ ಜೇಬು, ಕಾಯಿಲೆ, ಕೈಬಿಟ್ಟ ಸ್ನೇಹಿತರು, ವಯಸ್ಸಾದ ಮೈ ಕೂಡ ಇದ್ದವು. ರಾಗ ಸರಳ, ಪಲ್ಲವಿ ಮತ್ತೆ ಮತ್ತೆ ಬರುತ್ತದೆ. ಹಾಡುವವರು ತಮ್ಮದೊಂದು ಎಳೆತ, ಒಂದು ಆಲಾಪ ಸೇರಿಸಿಕೊಳ್ಳಲು ನಡುವೆ ಜಾಗ ಬಿಟ್ಟಿರುತ್ತಿದ್ದರು. ನಮ್ಮೂರ ಭಜನೆ ಮನೆಯಲ್ಲಿ ಕೂತವರಿಗೆ ಈ ಜಾಗದ ಬೆಲೆ ಹೇಳಿಕೊಡಬೇಕಿಲ್ಲ.

ಒಂದು ಕಥೆ ಹೇಳ್ತಾರೆ. ಸಭೆಯ ಒಬ್ಬ ಮನುಷ್ಯ ಬಂದು ತನ್ನ ಕಷ್ಟಗಳನ್ನೆಲ್ಲ ಪಾದ್ರಿ ಮುಂದೆ ತೋಡಿಕೊಂಡನಂತೆ. ಎಲ್ಲ ಕೇಳಿದ ಟಿಂಡ್ಲಿ, ಆ ಕಷ್ಟಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ದೇವರ ಹತ್ತಿರ ಒಯ್ಯಿ, ಅಲ್ಲೇ ಬಿಟ್ಟು ಬಾ, ವಾಪಸ್ ಹೊತ್ತುಕೊಂಡು ಬರಬೇಡ ಅಂದರಂತೆ. ಅದೇ ಮಾತು 1916ರ ‘ಲೀವ್ ಇಟ್ ದೇರ್’ ಹಾಡಾಯಿತು ಅಂತ ಪ್ರತೀತಿ. ಈ ಹಾಡನ್ನು ನೆನಪಿಟ್ಟುಕೊಳ್ಳಿ. ಈಗ ನಾವು ಅದರ ಜೊತೆ ಎರಡು ಸಾವಿರ ಕಿಲೋಮೀಟರ್‌ಗೂ ಹೆಚ್ಚು ದೂರ, ಟೆಕ್ಸಸ್‌ಗೆ ಹೋಗ್ತಾ ಇದ್ದೀವಿ.

ಡಾಲಸ್‌ನ ಎರಡು ದಿನ

1925ರ ಸುಮಾರಿಗೆ ರೆಕಾರ್ಡಿಂಗ್ ತಂತ್ರವೇ ಬದಲಾಯಿತು. ಅಲ್ಲಿವರೆಗೆ ಕಹಳೆಯಂಥ ಕೊಳವೆಯ ಮುಂದೆ ನಿಂತು ಗಟ್ಟಿಯಾಗಿ ಹಾಡಬೇಕಿತ್ತು, ಈಗ ಮೈಕ್ ಬಂತು. ಮೆಲುದನಿಯೂ ಗ್ರಾಮಫೋನ್ ಪ್ಲೇಟಿನಲ್ಲಿ ಕೂರತೊಡಗಿತು. ಕಂಪನಿಗಳು ಸಲಕರಣೆ ಹೊತ್ತು ದಕ್ಷಿಣದ ಊರುಗಳಿಗೆ ಹೊರಟವು. ಕಪ್ಪು ಗ್ರಾಹಕರಿಗೆ ಮಾರಲೆಂದು ಬೇರೆಯದೇ ಪ್ಲೇಟುಗಳ ಸರಣಿ ಇಟ್ಟಿದ್ದವು. ಪ್ಲೇಟಿನ ಒಂದು ಬದಿಗೆ ಸುಮಾರು ಮೂರು ನಿಮಿಷದ ಹಾಡು.

1927ರ ಡಿಸೆಂಬರ್ 2. ಕೊಲಂಬಿಯಾ ಕಂಪನಿಯ ಫ್ರಾಂಕ್ ವಾಕರ್ ಡಾಲಸ್ ನಗರದಲ್ಲಿ ತಾತ್ಕಾಲಿಕ ಸ್ಟುಡಿಯೋ ಹಾಕಿದ್ದರು. ವಾಷಿಂಗ್ಟನ್ ಫಿಲಿಪ್ಸ್ ಎಂಬ ಹಳ್ಳಿ ಮನುಷ್ಯ ತಂತಿಗಳ ಒಂದು ವಾದ್ಯ ಹಿಡಿದುಕೊಂಡು ಬಂದ. ಮೀಟಿದರೆ ದೂರದಲ್ಲೆಲ್ಲೋ ಗಂಟೆ ಕಿಣಿಕಿಣಿ ಅಂದಂತೆ ಕೇಳುವ ವಾದ್ಯ. ಅವನು ಅವತ್ತು ಹಾಡಿದ್ದರಲ್ಲಿ ಒಂದು, ಟಿಂಡ್ಲಿ ಅವರ ‘ಲೀವ್ ಇಟ್ ದೇರ್’. ಮರುವರ್ಷ ಟಿಂಡ್ಲಿ ಅವರ 1901ರ ಒಂದು ಹಾಡನ್ನೂ ಹಾಡಿದ. ಸತ್ತುಹೋದ ನಮ್ಮವರು ಸ್ವರ್ಗದಲ್ಲಿ ಈಗ ಏನು ಮಾಡುತ್ತಿರಬಹುದು ಅಂತ ಕೇಳುವ ಹಾಡು ಅದು. ಇವತ್ತು ರಾತ್ರಿ ಇಯರ್‌ಫೋನ್ ಹಾಕಿಕೊಂಡು ಒಮ್ಮೆ ಕೇಳಿ. ಧರ್ಮ ಯಾವುದಾದರೂ ಇರಲಿ, ಮನೆಯಲ್ಲಿ ಯಾರನ್ನಾದರೂ ಕಳೆದುಕೊಂಡವರಿಗೆ ಅದು ತಾಗುತ್ತದೆ.

ಮಾರನೇ ದಿನ, ಡಿಸೆಂಬರ್ 3. ಅದೇ ಡಾಲಸ್, ಅದೇ ಕಂಪನಿ. ಕಣ್ಣು ಕಾಣದ ಗಾಯಕ ಬ್ಲೈಂಡ್ ವಿಲ್ಲಿ ಜಾನ್ಸನ್ ಬಂದು, ಮಾತಿಲ್ಲದೆ ಬರೀ ಗುನುಗುತ್ತಾ ಗಿಟಾರ್ ನುಡಿಸಿದ ಒಂದು ತುಣುಕು ರೆಕಾರ್ಡ್ ಆಯಿತು. ಅದೇ ತುಣುಕು 1977ರಲ್ಲಿ ನಾಸಾದ ವಾಯೇಜರ್ ನೌಕೆಗಳ ಚಿನ್ನದ ತಟ್ಟೆಯಲ್ಲಿ ಸೇರಿ ಬಾಹ್ಯಾಕಾಶಕ್ಕೆ ಹೋಯಿತು. ಎರಡು ವರ್ಷದ ನಂತರ, 1929ರ ಡಿಸೆಂಬರ್‌ನಲ್ಲಿ, ಇದೇ ಜಾನ್ಸನ್ ನ್ಯೂ ಆರ್ಲಿಯನ್ಸ್‌ನಲ್ಲಿ ಟಿಂಡ್ಲಿ ಅವರ ಅದೇ ಚೀಲದ ಹಾಡನ್ನು ಹಾಡಿದ. ಆಗ ಟಿಂಡ್ಲಿ ಬದುಕಿದ್ದರು, ಫಿಲಡೆಲ್ಫಿಯಾದಲ್ಲಿ ಭಾನುವಾರದ ಪ್ರವಚನ ಮಾಡುತ್ತಿದ್ದರು.

ಒಂದು ಪ್ಲೇಟಿಗೆ ಎರಡು ಸೆಂಟ್

ನಾನು ಓದಿದ್ದು ಬಿ.ಕಾಂ. ಕಥೆ ಕೇಳುವಾಗಲೂ ಲೆಕ್ಕದ ಪುಸ್ತಕ ನೆನಪಾಗ್ತದೆ. ಬನ್ನಿ, ಈ ಪ್ಲೇಟುಗಳಲ್ಲಿ ಹಾಡು ಬರೆದವರ ಪಾಲು ಎಷ್ಟಿತ್ತು ನೋಡೋಣ.

ಅಮೆರಿಕದ 1909ರ ಕೃತಿಸ್ವಾಮ್ಯ ಕಾಯ್ದೆ ಮೊದಲ ಬಾರಿಗೆ ರೆಕಾರ್ಡಿಗೆ ದರ ನಿಗದಿ ಮಾಡಿತು. ಹಾಡನ್ನು ಪ್ಲೇಟಿಗೆ ಹಾಕಿದರೆ, ಪ್ರತಿ ಪ್ರತಿಗೆ ಎರಡು ಸೆಂಟ್ ಹಕ್ಕುದಾರರಿಗೆ. ಆದರೆ ಅದರಲ್ಲೊಂದು ಷರತ್ತು ಇತ್ತು. ಕಾಯ್ದೆ ಜಾರಿಯಾದ 1909ರ ಜುಲೈ 1ರ ನಂತರ ಪ್ರಕಟವಾಗಿ ಹಕ್ಕು ಪಡೆದ ಹಾಡುಗಳಿಗೆ ಮಾತ್ರ ಇದು ಅನ್ವಯ.

ಈಗ ಟಿಂಡ್ಲಿ ಅವರ ಪಟ್ಟಿ ನೋಡಿ. 1901ರ ಹಾಡುಗಳು, 1905ರ ಹಾಡುಗಳು. ಅವರ ಬಹುಪಾಲು ಪ್ರಸಿದ್ಧ ಹಾಡುಗಳು ಈ ಗೆರೆಯ ಹಿಂದೆ ಬಿದ್ದವು. ಸ್ವರ್ಗದ ಆ ಹಾಡನ್ನು ಯಾವ ಕಂಪನಿ ಎಷ್ಟು ಪ್ಲೇಟು ಮಾಡಿ ಮಾರಿದರೂ, ಬರೆದವರಿಗೆ ಒಂದು ಸೆಂಟೂ ಕೊಡಬೇಕಾಗಿರಲಿಲ್ಲ. ಅದು ಮೋಸ ಅಲ್ಲ, ಕಾನೂನೇ ಹಾಗಿತ್ತು. 1916ರ ‘ಲೀವ್ ಇಟ್ ದೇರ್’ ಮಾತ್ರ ಆ ಎರಡು ಸೆಂಟಿನ ಒಳಗೆ ಬಂತು.

ದುಡ್ಡಿಗಿಂತ ದೊಡ್ಡ ನಷ್ಟ ಹೆಸರಿನದು. ಅಚ್ಚಾದ ಪುಟದಲ್ಲಿ ಬರೆದವರ ಹೆಸರು ಮೂಲೆಯಲ್ಲಿ ಇರುತ್ತದೆ. ಹಾಡು ಬಾಯಿಗೆ ಬಂದ ಕೂಡಲೇ ಆ ಮೂಲೆ ಕಳಚಿ ಬೀಳುತ್ತದೆ. ಪ್ಲೇಟು ಕೇಳುವವರಿಗೆ ನೆನಪಿರೋದು ಹಾಡಿದವರ ದನಿ. ಇಲ್ಲಿ ನಮ್ಮ ವಚನಕಾರರ, ದಾಸರ ಜಾಣತನ ನೆನಪಾಗಿ ಮೈ ಜುಂ ಅಂತು. ಅವರು ಹೆಸರನ್ನು ಮೂಲೆಯಲ್ಲಿ ಇಡಲಿಲ್ಲ, ಹಾಡಿನ ಒಳಗೇ ಹೆಣೆದರು. ಕೂಡಲಸಂಗಮದೇವ ಅಂದ ಕೂಡಲೇ ಬಸವಣ್ಣ, ಪುರಂದರವಿಠಲ ಅಂದ ಕೂಡಲೇ ಪುರಂದರದಾಸರು. ಯಾರು ಹಾಡಲಿ, ಎಷ್ಟು ನೂರು ವರ್ಷ ಆಗಲಿ, ಅಂಕಿತ ಜೊತೆಗೇ ಹೋಗುತ್ತದೆ. ಟಿಂಡ್ಲಿ ಹಾಡುಗಳಿಗೆ ಅಂಕಿತ ಇರಲಿಲ್ಲ.

ಹಾಡಿದವರ ಗತಿಯೂ ಬಹಳ ಬೇರೆ ಇರಲಿಲ್ಲ ಅನ್ನಿ. ವಾಷಿಂಗ್ಟನ್ ಫಿಲಿಪ್ಸ್ ಆಸ್ಪತ್ರೆಯೊಂದರಲ್ಲಿ 1938ರಲ್ಲಿ ಸತ್ತ ಅಂತ ದಶಕಗಳ ಕಾಲ ಬರೆಯುತ್ತಿದ್ದರು. ಅದು ಅದೇ ಹೆಸರಿನ ಬೇರೊಬ್ಬ ಮನುಷ್ಯ! ಮೈಕಲ್ ಕಾರ್ಕೊರನ್ ಎಂಬ ಪತ್ರಕರ್ತ ಟೆಕ್ಸಸ್‌ನ ಹಳ್ಳಿಗಳಲ್ಲಿ ಸುತ್ತಾಡಿ, ಹಿರಿಯರನ್ನು ಕೇಳಿ, 2002ರಲ್ಲಿ ಅದನ್ನು ತಿದ್ದಿದರು. ನಿಜವಾದ ಗಾಯಕ 1954ರವರೆಗೆ ಬದುಕಿದ್ದ, ಹೇಸರಗತ್ತೆಯ ಗಾಡಿಯಲ್ಲಿ ಕಾಕಂಬಿ ಮಾರಿಕೊಂಡಿದ್ದ.

‘ನಾನು’ ಹೋಗಿ ‘ನಾವು’ ಆದದ್ದು

ಸರಿ, ಮತ್ತೆ ನಮ್ಮ ಶಾಲೆಯ ಹಾಡಿಗೆ ಬರೋಣ.

1901ರಲ್ಲಿ ಟಿಂಡ್ಲಿ ಪ್ರಕಟಿಸಿದ ಒಂದು ಹಾಡಿನ ಹೆಸರು ‘ಐ ವಿಲ್ ಓವರ್‌ಕಮ್ ಸಮ್ ಡೇ’. ‘ನಾನು’, ‘ಗೆಲ್ಲುವೆ’, ‘ಒಂದು ದಿನ’. ಮೂರೂ ಅಲ್ಲಿವೆ. ಆದರೆ ಅದರ ರಾಗ ಬೇರೆ, ಚರಣಗಳು ಬೇರೆ. ನಾವು ಹಾಡುವ ರಾಗ ಕಪ್ಪು ಜನರ ಇನ್ನೊಂದು ಹಳೇ ಭಕ್ತಿಗೀತೆಗೆ ಹತ್ತಿರ. ಅಂದರೆ ಎರಡು ತೊರೆಗಳು ಚರ್ಚುಗಳ ಒಳಗೆ ಎಲ್ಲೋ ಸೇರಿಕೊಂಡವು. ಅದಕ್ಕೇ ‘ಟಿಂಡ್ಲಿ ಬರೆದರು’ ಅಂತ ಸಲೀಸಾಗಿ ಹೇಳೋದು ಸರಿಯಲ್ಲ ಅಂದಿದ್ದು.

ಟಿಂಡ್ಲಿ 1933ರ ಜುಲೈನಲ್ಲಿ ತೀರಿಕೊಂಡರು. ಹನ್ನೆರಡು ವರ್ಷದ ನಂತರ, 1945ರಲ್ಲಿ, ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್‌ನ ಚುರುಟಿನ ಕಾರ್ಖಾನೆಯಲ್ಲಿ ಮುಷ್ಕರ ಶುರುವಾಯಿತು. ಗೇಟಿನ ಮುಂದೆ ಚಳಿ ಮಳೆಯಲ್ಲಿ ನಿಂತವರಲ್ಲಿ ಹೆಚ್ಚಿನವರು ಕಪ್ಪು ಹೆಂಗಸರು. ದಿನದ ಧರಣಿ ಮುಗಿಸುವಾಗ ಲೂಸಿಲ್ ಸಿಮನ್ಸ್ ಎಂಬ ಕಾರ್ಮಿಕ ಮಹಿಳೆ ಚರ್ಚಿನ ಆ ಹಾಡನ್ನು ನಿಧಾನವಾಗಿ, ಎಳೆದೆಳೆದು ಹಾಡುತ್ತಿದ್ದರು. ಅಲ್ಲಿ ‘ನಾನು’ ಹೋಗಿ ‘ನಾವು’ ಆಯಿತು. ಒಬ್ಬ ಭಕ್ತನ ನಂಬಿಕೆ ಒಂದು ಗುಂಪಿನ ಶಪಥ ಆಯಿತು.

ಆ ಕಾರ್ಮಿಕರು ಹಾಡನ್ನು ಟೆನ್ನೆಸಿಯ ಹೈಲ್ಯಾಂಡರ್ ಎಂಬ ತರಬೇತಿ ಶಾಲೆಗೆ ಒಯ್ದರು. ಅಲ್ಲಿ ಸಂಗೀತ ಹೇಳಿಕೊಡುತ್ತಿದ್ದ ಜಿಲ್ಫಿಯಾ ಹಾರ್ಟನ್ ಕಲಿತರು. ಅವರಿಂದ ಪೀಟ್ ಸೀಗರ್ ಕಲಿತರು, ಹೊಸ ಚರಣ ಸೇರಿಸಿದರು, ಊರೂರು ಹಾಡಿದರು. 1960ರ ಏಪ್ರಿಲ್‌ನಲ್ಲಿ ಗೈ ಕ್ಯಾರವಾನ್ ಉತ್ತರ ಕ್ಯಾರೊಲಿನಾದ ರಾಲಿ ನಗರದಲ್ಲಿ ಸೇರಿದ್ದ ಕಪ್ಪು ವಿದ್ಯಾರ್ಥಿ ಹೋರಾಟಗಾರರಿಗೆ ಹೇಳಿಕೊಟ್ಟರು. ಅಲ್ಲಿಂದ ಅದು ನಾಗರಿಕ ಹಕ್ಕುಗಳ ಚಳವಳಿಯ ಹಾಡು. 1965ರ ಮಾರ್ಚ್ 15ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಂಸತ್ತಿನಲ್ಲಿ ನಿಂತು, ಮತದಾನದ ಹಕ್ಕಿನ ಮಾತಾಡುತ್ತಾ, ಅದೇ ಮಾತನ್ನು ಉಚ್ಚರಿಸಿದರು.

ಲೆಕ್ಕದ ಪುಸ್ತಕದಲ್ಲಿ ಏನಾಯಿತು? 1960ರಲ್ಲಿ ಮತ್ತು 1963ರಲ್ಲಿ ಹಾಡಿನ ಹಕ್ಕು ದಾಖಲಾಯಿತು. ಹೆಸರುಗಳು ನಾಲ್ಕು: ಹಾರ್ಟನ್, ಫ್ರಾಂಕ್ ಹ್ಯಾಮಿಲ್ಟನ್, ಕ್ಯಾರವಾನ್, ಸೀಗರ್. ನಾಲ್ವರೂ ಬಿಳಿಯರು. ಅವರು ಅದರ ದುಡ್ಡು ಮುಟ್ಟಲಿಲ್ಲ ಅನ್ನೋದನ್ನೂ ಹೇಳಬೇಕು. ಗೌರವಧನ ಒಂದು ನಿಧಿಗೆ ಹೋಗಿ, ದಕ್ಷಿಣದ ಕಪ್ಪು ಸಮುದಾಯಗಳ ಕೆಲಸಕ್ಕೆ ಬಳಕೆಯಾಯಿತು. ಆದರೂ ಲೂಸಿಲ್ ಸಿಮನ್ಸ್ ಆ ಪಟ್ಟಿಯಲ್ಲಿ ಇಲ್ಲ. ಟಿಂಡ್ಲಿಯೂ ಇಲ್ಲ. 2016ರಲ್ಲಿ ಕೇಸು ಬಿತ್ತು. 2017ರಲ್ಲಿ ನ್ಯಾಯಾಧೀಶರು, ಮೊದಲ ಚರಣದಲ್ಲಿ ಹಕ್ಕು ಕೇಳುವಷ್ಟು ಹೊಸತೇನೂ ಇಲ್ಲ ಅಂದರು. 2018ರ ಜನವರಿಯಲ್ಲಿ ರಾಜಿಯಾಗಿ ಹಾಡು ಎಲ್ಲರ ಸ್ವತ್ತಾಯಿತು.

ನನ್ನ ನಲವತ್ತು ಸೆಕೆಂಡ್

ಇದೆಲ್ಲ ನನಗೆ ಯಾಕೆ ಇಷ್ಟು ತಾಗಿತು ಅಂದರೆ, ಕಳೆದ ವರ್ಷ ನನ್ನ ಒಂದು ಎಪಿಸೋಡಿನ ನಲವತ್ತು ಸೆಕೆಂಡ್ ತುಣುಕು ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿತ್ತು. ನನ್ನ ದನಿ, ನನ್ನ ಮಾತು. ಹೆಸರು ಮಾತ್ರ ಕತ್ತರಿಸಿದ್ದರು. ಕೊನೆಗೆ ನಮ್ಮ ಚಿಕ್ಕಪ್ಪನೇ ಅದನ್ನು ನನಗೆ ಫಾರ್ವರ್ಡ್ ಮಾಡಿ, ‘ಕೇಳೋ, ಯಾರೋ ಚೆನ್ನಾಗಿ ಮಾತಾಡಿದಾನೆ’ ಅಂದರು. ನಗು ಬಂತು. ಎರಡು ದಿನ ಸಿಟ್ಟೂ ಇತ್ತು.

ಆಮೇಲೆ ಅದನ್ನೇ ನಾನು ಮಾಡಿದೆ. ಪತ್ರಿಕೆ ಚೂರು ಆರಿಸಿ ಅಕ್ಷರ ಕಲಿತ ಮನುಷ್ಯನನ್ನೂ, ಚಳಿಯಲ್ಲಿ ನಿಂತು ‘ನಾವು’ ಅಂದ ಹೆಂಗಸರನ್ನೂ ಬಿಟ್ಟು, ಗೂಗಲ್‌ನಲ್ಲಿ ಮೊದಲು ಸಿಕ್ಕ ಹೆಸರು ಹೇಳಿ ಮುಂದೆ ಹೋದೆ.

ಹಾಗಾಗಿ ಹಳೇ ಎಪಿಸೋಡಿನ ವಿವರಣೆಯನ್ನು ಬದಲಾಯಿಸಿದ್ದೇನೆ. ಈಗ ಅಲ್ಲಿ ಹೀಗಿದೆ: ಹಾಡಿನ ಮಾತಿನ ಹಿಂದೆ ಚಾರ್ಲ್ಸ್ ಆಲ್ಬರ್ಟ್ ಟಿಂಡ್ಲಿ ಅವರ 1901ರ ರಚನೆಯ ನೆರಳಿದೆ, ರಾಗ ಕಪ್ಪು ಚರ್ಚುಗಳ ಹಳೇ ಗೀತೆಯದು, ‘ನಾವು’ ಬಂದದ್ದು ಚಾರ್ಲ್ಸ್‌ಟನ್‌ನ ಮಹಿಳಾ ಕಾರ್ಮಿಕರ ಮುಷ್ಕರದಲ್ಲಿ, ಹರಡಿದವರು ಹಾರ್ಟನ್, ಸೀಗರ್, ಹ್ಯಾಮಿಲ್ಟನ್, ಕ್ಯಾರವಾನ್, ಹಿಂದಿಗೆ ತಂದವರು ಗಿರಿಜಾ ಕುಮಾರ್ ಮಾಥುರ್. ಉದ್ದ ಆಯಿತು, ಗೊತ್ತು. ಆದರೆ ಇದರಲ್ಲಿ ಯಾವ ಹೆಸರನ್ನೂ ಕತ್ತರಿಸೋಕೆ ಮನಸ್ಸು ಬರಲಿಲ್ಲ.

ಹುಬ್ಬಳ್ಳಿಯ ಅಕ್ಕಾ, ಥ್ಯಾಂಕ್ಸ್. ನಿಮ್ಮ ಒಂದು ಸಾಲಿನ ಪ್ರಶ್ನೆಗೆ ಉತ್ತರ ಹೇಳೋಕೆ ನನಗೆ ಮೂರು ವಾರ ಹಿಡಿಯಿತು. ಮುಂದೆ ಎಲ್ಲಾದರೂ ತಪ್ಪು ಹೇಳಿದರೆ ಹೀಗೇ ಹಿಡೀರಿ.

ಮುಂದಿನ ವಾರ ಸಿಗೋಣ. ಅಲ್ಲಿವರೆಗೆ, ನಿಮಗೆ ಇಷ್ಟವಾದ ಒಂದು ಹಾಡು ತಗೊಳ್ಳಿ, ಬರೆದವರು ಯಾರು ಅಂತ ಹುಡುಕಿ, ಆ ಹೆಸರು ನನಗೆ ಕಳಿಸಿ. ಬಂದಷ್ಟನ್ನೂ ಮುಂದಿನ ಎಪಿಸೋಡಿನಲ್ಲಿ ಓದ್ತೀನಿ.